ಗಡಿಯಾರದ ಮುಳ್ಳು ಯಾರ ಕೈಯಲ್ಲಿ?

ಪಶ್ಚಿಮ ಏಷ್ಯದ ಲೆಬನಾನ್ ಬಹು ಸಣ್ಣ ದೇಶ. ಅದರ ಉತ್ತರದ ಗಡಿಯಿಂದ ದಕ್ಷಿಣದ ಗಡಿಗೆ ಮೋಟಾರಿನಲ್ಲಿ ಹೊರಟವರು ಒಂದೇ ಹಗಲಿನಲ್ಲಿ ಹೋಗಿ ಹಿಂದಿರುಗಬಹುದು. ಇಂಥ ದೇಶದಲ್ಲಿ 2023ನೆಯ ಇಸವಿಯ ಮಾರ್ಚ್ 26ರ ಭಾನುವಾರದಂದು "ಈಗ ಗಂಟೆ ಎಷ್ಟು?" ಎಂಬ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿಕೊಂಡವು, ಎರಡಕ್ಕೂ ಒಂದು ಗಂಟೆಯ ಅಂತರ. ಒಂದು ಮನೆಯಲ್ಲಿ ಎಂಟು ಹೊಡೆದಾಗ ಎದುರುಮನೆಯಲ್ಲಿ ಒಂಬತ್ತು ಹೊಡೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಆದುದಿಷ್ಟು. ಆ ದೇಶದಲ್ಲಿ ಪ್ರತಿವರ್ಷವೂ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ರೂಢಿ. ಆ ವರ್ಷ ರಂಜಾನ್ ಮಾಸವು ಮಾರ್ಚ್ 23ರಂದು ಮೊದಲಾಗಿತ್ತು. ಗಡಿಯಾರ ಮುಂದೆ ಹೋದರೆ, ಸಂಜೆ ಆರರ ಸುಮಾರಿಗೆ ಮುಗಿಯುವ ಉಪವಾಸ ಏಳರ ಸುಮಾರಿಗೆ ಮುಗಿದಂತೆ ತೋರುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಉಸ್ತುವಾರಿ ಪ್ರಧಾನಿ ನಜೀಬ್ ಮಿಕಾತಿಯವರು, ಸಂಸತ್ತಿನ ಸಭಾಧ್ಯಕ್ಷ ನಬೀಹ್ ಬೆರ್ರಿಯವರೊಡನೆ ಮಾತನಾಡಿ, ಮುಳ್ಳು ತಿರುಗಿಸುವ ಕೆಲಸವನ್ನು ಏಪ್ರಿಲ್ ಮೂರನೆಯ ವಾರದವರೆಗೆ ಮುಂದೂಡಿದರು. ಆಜ್ಞೆ ಹೊರಬಿದ್ದುದು ಗಡುವಿಗೆ ಮೂರೇ ದಿನ ಮೊದಲು. ಮಾರೊನೈಟ್ ಕ್ರೈಸ್ತರ ಧರ್ಮಪೀಠ ಇದನ್ನು ಒಪ್ಪಲಿಲ್ಲ. ಕೆಲವು ಶಾಲೆಗಳೂ ದೂರದರ್ಶನ ಸಂಸ್ಥೆಗಳೂ ಒಪ್ಪಲಿಲ್ಲ. ವಾಡಿಕೆಯಂತೆ ಗಡಿಯಾರಗಳನ್ನು ಮುಂದಕ್ಕೆ ತಿರುಗಿಸಿಯೇ ಬಿಟ್ಟವು. ಸರ್ಕಾರಿ ಕಚೇರಿಗಳು ಹಳೆಯ ಗಂಟೆಯಲ್ಲಿ ಉಳಿದವು. ದೇಶದ ವಿಮಾನ ಸಂಸ್ಥೆಯದು ಇನ್ನೊಂದು ಬಗೆ: ಗಡಿಯಾರವನ್ನು ಇದ್ದಂತೆಯೇ ಇರಿಸಿ, ವಿಮಾನಗಳ ವೇಳೆಯನ್ನು ಒಂದು ಗಂಟೆ ಬದಲಿಸಿಕೊಂಡಿತು.

ಇವೆಲ್ಲಕ್ಕಿಂತ ದೊಡ್ಡ ಪೇಚಾಟವಾದುದು ಜನರ ಜೇಬಿನಲ್ಲಿದ್ದ ಮೊಬೈಲುಗಳದು. ಪ್ರಧಾನಿಯ ಆಜ್ಞೆಯ ಸುದ್ದಿ ಅವುಗಳಿಗೆ ಹೇಗೆ ತಿಳಿಯಬೇಕು? ವರ್ಷಗಳ ಹಿಂದೆ ತಮ್ಮೊಳಗೆ ಬರೆದಿಟ್ಟ ನಿಯಮದಂತೆ ಎಷ್ಟೋ ಯಂತ್ರಗಳು ನಡುರಾತ್ರಿ ತಾವಾಗಿಯೇ ಒಂದು ಗಂಟೆ ಮುಂದಕ್ಕೆ ಜಿಗಿದವು. ಮೊಬೈಲ್ ಕಂಪನಿಗಳು ಗಿರಾಕಿಗಳಿಗೆ ಸಂದೇಶ ಕಳುಹಿಸಿ, ಗಂಟೆಯನ್ನು ಕೈಯಿಂದಲೇ ಸರಿಪಡಿಸಿಕೊಳ್ಳಿರೆಂದು ಕೇಳಿಕೊಳ್ಳಬೇಕಾಯಿತು. ಕಡೆಗೆ ಸೋಮವಾರ ಮಂತ್ರಿಮಂಡಲ ಕೂಡಿ ತನ್ನ ಆಜ್ಞೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಬುಧವಾರ ನಡುರಾತ್ರಿ ದೇಶದ ಗಡಿಯಾರಗಳೆಲ್ಲ ಮತ್ತೆ ಒಂದಾದವು.

ಗಡಿಯಾರದ ಮುಳ್ಳು ಸೂರ್ಯನ ಅಧೀನವೆಂದು ನಂಬಿರುವವರಿಗೆ ಈ ಪ್ರಸಂಗ ಸೋಜಿಗವಾಗಿ ಕಾಣಬಹುದು. ಗಣಕಯಂತ್ರಗಳಿಗೆ ಪಾಠ ಬರೆಯುವ ತಂತ್ರಾಂಶಗಾರರಿಗೆ ಇದು ಸೋಜಿಗವಲ್ಲ, ನಿತ್ಯದ ತಾಪತ್ರಯ. ಒಂದು ಜಾಲತಾಣವನ್ನು ಬೆಂಗಳೂರಿನವರೂ ಬಳಸುತ್ತಾರೆ, ಬೈರೂತಿನವರೂ ಬಳಸುತ್ತಾರೆ, ನ್ಯೂಯಾರ್ಕಿನವರೂ ಬಳಸುತ್ತಾರೆ. "ನಾಳೆ ಹತ್ತು ಗಂಟೆಗೆ" ಎಂದು ಒಬ್ಬರು ಅದರಲ್ಲಿ ಬರೆದರೆ, ಅದು ಯಾರ ನಾಳೆ, ಯಾರ ಹತ್ತು ಗಂಟೆ ಎಂಬುದನ್ನು ಆ ತಾಣ ತಪ್ಪಿಲ್ಲದೆ ತಿಳಿದಿರಬೇಕು. ಇಷ್ಟು ಸಣ್ಣ ಪ್ರಶ್ನೆಯಲ್ಲಿ ಎಂಥ ಗೊಂದಲ ಅಡಗಿದೆಯೆಂಬುದು ಹಿಂದಿನ ಕಥೆಯನ್ನು ಸ್ವಲ್ಪ ನೋಡದೆ ತಿಳಿಯುವಂತಿಲ್ಲ.

ರೈಲು ಬರುವುದಕ್ಕೆ ಮೊದಲು ಪ್ರತಿಯೊಂದು ಊರಿಗೂ ತನ್ನದೇ ಮಧ್ಯಾಹ್ನವಿತ್ತು. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ಕಾಲದಲ್ಲಿ, 24 ನಿಮಿಷಗಳ ಒಂದೊಂದು ಘಳಿಗೆಯೂ ಆಯಾ ಊರಿನ ಸೂರ್ಯನದೇ ಆಗಿತ್ತು. ಇಂದಿಗೂ ಪಂಚಾಂಗದವರು ಊರೂರಿನ ಸೂರ್ಯೋದಯವನ್ನು ಬೇರೆ ಬೇರೆಯಾಗಿ ಕೊಡುವುದು ಈ ಕಾರಣದಿಂದಲೇ. ಬೆಂಗಳೂರಿನ ನೆತ್ತಿಗೆ ಸೂರ್ಯ ಬರುವುದು, ಭಾರತದ ಪ್ರಮಾಣರೇಖೆಯಾದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ನೆತ್ತಿಗೆ ಬಂದ ಸುಮಾರು 20 ನಿಮಿಷಗಳ ಮೇಲೆ. ಊರೂರಿಗೂ ಒಂದೊಂದು ಗಡಿಯಾರವಿದ್ದರೆ ರೈಲಿನ ವೇಳಾಪಟ್ಟಿ ಬರೆಯುವುದು ಹೇಗೆ? ಆದುದರಿಂದ ಭಾರತದ ರೈಲುಗಳು ಬಹುಕಾಲ ಮದರಾಸಿನ ಗಂಟೆಯನ್ನು ಅನುಸರಿಸಿದವು. 1906ನೆಯ ಜನವರಿ 1ರಿಂದ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದಿತು. ಆದರೂ ಕಲಕತ್ತೆ ತನ್ನ ಗಂಟೆಯನ್ನು 1948ರವರೆಗೂ ಮುಂಬಯಿ ತನ್ನದನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಗಡಿಯಾರವೆಂದರೆ ಹಿತ್ತಾಳೆಯ ಯಂತ್ರ ಮಾತ್ರವಲ್ಲ, ಊರಿನ ಅಭಿಮಾನವೂ ಹೌದು.

ಬೇಸಗೆಯಲ್ಲಿ ಗಡಿಯಾರವನ್ನೇ ಮುಂದಕ್ಕೆ ತಳ್ಳುವ ಪದ್ಧತಿ ಇದಕ್ಕಿಂತ ಈಚಿನದು. ಸಮಭಾಜಕ ವೃತ್ತದಿಂದ ದೂರವಿರುವ ದೇಶಗಳಲ್ಲಿ ಬೇಸಗೆಯ ಹಗಲು ಬಹಳ ಉದ್ದ. ಜನ ಏಳುವ ಮೊದಲೇ ಸೂರ್ಯ ಮೇಲೆದ್ದು ಬಂದಿರುತ್ತಾನೆ. ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ ಬೆಳಗಿನ ಆ ಬೆಳಕು ಸಂಜೆಗೆ ಒದಗುತ್ತದೆ. ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ 1895ರಲ್ಲಿ ಇಂಥ ಸಲಹೆಯನ್ನು ಮುಂದಿಟ್ಟನು. ಸಂಜೆ ಹುಳು ಹಿಡಿಯಲು ಬೆಳಕು ಬೇಕೆಂಬುದು ಅವನ ಆಸೆ. ಇಂಗ್ಲೆಂಡಿನಲ್ಲಿ ವಿಲಿಯಂ ವಿಲೆಟ್ ಎಂಬ ಕಟ್ಟಡದ ಕಂಟ್ರಾಕ್ಟರನು 1907ರಲ್ಲಿ ಕಿರುಹೊತ್ತಗೆ ಬರೆದು ಪ್ರಚಾರ ಮಾಡಿದನು. ಅವನ ಮಾತನ್ನು ಕೇಳಿದುದು ಮಹಾಯುದ್ಧ. ಕಲ್ಲಿದ್ದಲು ಉಳಿಸುವುದಕ್ಕಾಗಿ ಜರ್ಮನಿ 1916ರ ಏಪ್ರಿಲ್ 30ರಂದು ಗಡಿಯಾರ ತಿರುಗಿಸಿತು; ಮೂರು ವಾರಗಳಲ್ಲಿ ಇಂಗ್ಲೆಂಡೂ ಅದನ್ನೇ ಮಾಡಿತು. ಅದನ್ನು ನೋಡಲು ವಿಲೆಟ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು.

ಭಾರತಕ್ಕೆ ಈ ರಗಳೆ ಇಲ್ಲವೆಂದು ಹಲವರ ಭಾವನೆ. ಇಂದು ಇಲ್ಲವೆಂಬುದು ನಿಜ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ನೆಯ ಸೆಪ್ಟೆಂಬರ್ 1ರಿಂದ 1945ನೆಯ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರ ಗ್ರೀನಿಚ್ಚಿಗಿಂತ ಐದೂವರೆಯಲ್ಲ, ಆರೂವರೆ ಗಂಟೆ ಮುಂದಿದ್ದಿತು. 1944ರಲ್ಲಿ ಹುಟ್ಟಿದ ಮಗುವಿನ ಜನನಕಾಲವನ್ನು ಗೋಡೆಯ ಗಡಿಯಾರ ನೋಡಿ ಬೆಳಗಿನ ಏಳು ಗಂಟೆಯೆಂದು ಬರೆದಿಟ್ಟಿದ್ದರೆ, ಇಂದಿನ ಲೆಕ್ಕದಲ್ಲಿ ಅದು ಆರು ಗಂಟೆ. ಬಲ್ಲ ಜೋಯಿಸರು ಆ ವರ್ಷಗಳ ಜಾತಕ ಬರೆಯುವಾಗ ಒಂದು ಗಂಟೆ ಕಳೆದೇ ಲಗ್ನ ಹಿಡಿಯುತ್ತಾರೆ. ಒಂದೊಂದು ಲಗ್ನಕ್ಕೆ ಸರಾಸರಿ ಎರಡು ಗಂಟೆಯ ಅವಧಿ. ಒಂದು ಗಂಟೆ ತಪ್ಪಿದರೆ ಲಗ್ನವೇ ಪಲ್ಲಟವಾಗುವ ಸಂಭವವುಂಟು. ಅಂತರ್ಜಾಲದಲ್ಲಿ ಜಾತಕ ಹಾಕಿಕೊಡುವ ತಾಣವೊಂದು "ಭಾರತವೆಂದರೆ ಐದೂವರೆ" ಎಂದು ಕಣ್ಣುಮುಚ್ಚಿ ಲೆಕ್ಕ ಮಾಡಿದರೆ ಅಂದು ಹುಟ್ಟಿದವರೆಲ್ಲರ ಕುಂಡಲಿಯೂ ಒಂದು ಗಂಟೆ ಜಾರುವುದು. ಜಾತಕದಲ್ಲಿ ನಂಬಿಕೆಯಿಲ್ಲದವರೂ ಲೆಕ್ಕದ ಈ ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನು ಇಂದಿನ ಮಾತು. ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ತಾಯಂದಿರಿಗೆ ಈ ಲೆಕ್ಕ ಬಾಯಿಪಾಠ. ಬೇಸಗೆಯಲ್ಲಿ ನ್ಯೂಯಾರ್ಕಿಗೂ ಬೆಂಗಳೂರಿಗೂ ಒಂಬತ್ತೂವರೆ ಗಂಟೆಯ ಅಂತರ; ಚಳಿಗಾಲದಲ್ಲಿ ಹತ್ತೂವರೆ. ಬೆಂಗಳೂರಿನ ಗಡಿಯಾರ ಅಲುಗುವುದೇ ಇಲ್ಲ. ಆದರೂ ಮಗನ ಫೋನು ಬರುವ ವೇಳೆ ವರ್ಷಕ್ಕೆ ಎರಡು ಸಲ ಸರಿದಾಡುತ್ತದೆ. ಅಮೆರಿಕದಲ್ಲಿ ಮುಳ್ಳು ಮುಂದೆ ಹೋಗುವುದು ಮಾರ್ಚಿನ ಎರಡನೆಯ ಭಾನುವಾರ, ಹಿಂದೆ ಬರುವುದು ನವೆಂಬರಿನ ಮೊದಲನೆಯ ಭಾನುವಾರ. 2007ರಿಂದ ಈ ಕ್ರಮ. ಇಂಗ್ಲೆಂಡಿನಲ್ಲಿ ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಒಬ್ಬ ಮಗ ನ್ಯೂಯಾರ್ಕಿನಲ್ಲಿ, ಮಗಳು ಲಂಡನ್ನಿನಲ್ಲಿ ಇರುವ ತಾಯಿಯ ಪಾಡು ಕೇಳುವುದೇ ಬೇಡ. ಮಾರ್ಚಿನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ, ಆ ಅಣ್ಣತಂಗಿಯರ ನಡುವಿನ ಐದು ಗಂಟೆಯ ಅಂತರವೂ ನಾಲ್ಕಾಗುತ್ತದೆ.

ಮುಳ್ಳು ತಿರುಗಿಸುವ ರಾತ್ರಿಗಳಂತೂ ವಿಚಿತ್ರವೇ ಸರಿ. ಅಮೆರಿಕದ ಮಾರ್ಚಿನ ಆ ಭಾನುವಾರ ಬೆಳಗಿನ ಜಾವ ಎರಡು ಗಂಟೆಯಾಗುತ್ತಲೇ ಗಡಿಯಾರ ಮೂರಕ್ಕೆ ಹಾರುವುದು. ಅಂದು ಅಲ್ಲಿ ಎರಡೂವರೆ ಗಂಟೆ ಎಂಬುದೇ ಇಲ್ಲ. ನಿತ್ಯ ಎರಡೂವರೆಗೆ ಮಾತ್ರೆಯನ್ನು ನೆನಪಿಸಬೇಕಾದ ಯಂತ್ರ ಅಂದು ಏನು ಮಾಡಬೇಕು? ಬರೆದವನು ಯೋಚಿಸಿರದಿದ್ದರೆ ಯಂತ್ರ ಸುಮ್ಮನಿದ್ದುಬಿಡಬಹುದು. ನವೆಂಬರಿನಲ್ಲಿ ಇದಕ್ಕೆ ವಿರುದ್ಧ: ಒಂದರಿಂದ ಎರಡರವರೆಗಿನ ಒಂದು ಗಂಟೆ ಎರಡು ಸಲ ನಡೆಯುತ್ತದೆ. ಆಸ್ಪತ್ರೆಯಲ್ಲಿ ಅವಳಿಮಕ್ಕಳಲ್ಲಿ ಹಿರಿಯದು ಒಂದು ಗಂಟೆ ಐವತ್ತು ನಿಮಿಷಕ್ಕೂ ಕಿರಿಯದು ಇಪ್ಪತ್ತು ನಿಮಿಷಗಳ ಮೇಲೆಯೂ ಹುಟ್ಟಿದರೆ, ಕಿರಿಯದರ ಜನನಪತ್ರದಲ್ಲಿ ಒಂದು ಗಂಟೆ ಹತ್ತು ನಿಮಿಷವೆಂದೇ ಬರೆಯಬೇಕಾಗುವುದು. ಕಾಗದದ ಮೇಲೆ ತಮ್ಮನೇ ಅಣ್ಣನಾದನು!

ಗಣಕಯಂತ್ರಗಳು ಈ ಗೋಜಲಿನಿಂದ ಪಾರಾಗಲು ಒಂದು ಉಪಾಯವನ್ನು ಹಿಡಿದಿವೆ. ಅವು ತಮ್ಮ ಅಂತರಂಗದಲ್ಲಿ ಯಾವ ಊರಿನ ಗಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1970ನೆಯ ಜನವರಿ 1ರ ನಡುರಾತ್ರಿಯಿಂದ, ಯುಟಿಸಿ ಎಂದು ಕರೆಯುವ ವಿಶ್ವಸಮಯದ ಪ್ರಕಾರ, ಕಳೆದ ಸೆಕೆಂಡುಗಳನ್ನು ಎಣಿಸುತ್ತ ಹೋಗುತ್ತವೆ. ಆ ಎಣಿಕೆ 2001ನೆಯ ಸೆಪ್ಟೆಂಬರ್ 9ರಂದು, ಭಾರತದಲ್ಲಿ ಬೆಳಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡಾದಾಗ, ನೂರು ಕೋಟಿ ಮುಟ್ಟಿತು. ಅದೇ ಕ್ಷಣ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು ಮುಕ್ಕಾಲರ ಸುಮಾರು. ಕ್ಷಣ ಒಂದೇ, ಅದಕ್ಕೆ ಹೆಸರುಗಳು ಹಲವು. ಒಳಗೆ ಕ್ಷಣವನ್ನು ಕಾಪಾಡಿಕೊಂಡು, ಬಾಗಿಲಿಗೆ ಬಂದವರಿಗೆ ಅವರವರ ಊರಿನ ಗಂಟೆಯಲ್ಲಿ ಅದನ್ನು ಹೇಳುವುದು ಒಳ್ಳೆಯ ಜಾಲತಾಣದ ಮೊದಲ ಧರ್ಮ. ಹಣ ಕಟ್ಟಿದ ರಸೀತಿ, ಕಾಗದ ತಲುಪಿದ ವೇಳೆ, ಪರೀಕ್ಷೆಯ ಉತ್ತರ ಒಪ್ಪಿಸಿದ ವೇಳೆ, ಹೀಗೆ ನಡೆದುಹೋದುದಕ್ಕೆಲ್ಲ ಈ ಉಪಾಯ ಸಾಕು. ನವೆಂಬರಿನ ಎರಡು ಒಂದೂವರೆಗಳೂ ಈ ಎಣಿಕೆಯಲ್ಲಿ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಆದರೆ ಈ ಉಪಾಯವನ್ನು ಕಲಿತವರು ಅದನ್ನೇ ಎಲ್ಲೆಡೆಯೂ ಪ್ರಯೋಗಿಸಲು ಹೊರಡುವುದುಂಟು. ಅನಾಹುತಗಳು ಅಲ್ಲಿಂದ ಮೊದಲಾಗುತ್ತವೆ.

ಹುಟ್ಟಿದ ದಿನವನ್ನೇ ನೋಡಬಹುದು. ಬೆಂಗಳೂರಿನ ಗೃಹಿಣಿಯೊಬ್ಬರು ತಾಣವೊಂದರಲ್ಲಿ ತಮ್ಮ ಜನ್ಮದಿನ ಆಗಸ್ಟ್ 15 ಎಂದು ಬರೆದರೆ, ಅತಿಬುದ್ಧಿಯ ತಂತ್ರಾಂಶವು ಅದನ್ನು ಆಗಸ್ಟ್ 15ರ ನಡುರಾತ್ರಿ ಸೊನ್ನೆ ಗಂಟೆಯೆಂದು ತಿಳಿದು ವಿಶ್ವಸಮಯಕ್ಕೆ ಪರಿವರ್ತಿಸುತ್ತದೆ. ಆಗ ಅದು ಆಗಸ್ಟ್ 14ರ ಸಂಜೆ ಆರೂವರೆಯಾಗುವುದು. ಅಮೆರಿಕದಲ್ಲಿರುವ ತಂಗಿ ತನ್ನ ಪರದೆಯ ಮೇಲೆ ನೋಡಿದಾಗ ಅಕ್ಕನ ಹುಟ್ಟುಹಬ್ಬ 14ನೆಯ ತಾರೀಖು! ಹುಟ್ಟಿದ ಹಬ್ಬದ ಶುಭಾಶಯ ಒಂದು ದಿನ ಮೊದಲೇ ಬಂದರೆ ನಕ್ಕು ಸುಮ್ಮನಾಗಬಹುದು. ರಹದಾರಿ ಪತ್ರದ ಅರ್ಜಿಯಲ್ಲಿ ತಾರೀಖು ಹೀಗೆ ಜಾರಿದರೆ ನಗುವವರು ಯಾರು? ತಾರೀಖು ತಾರೀಖೇ, ಅದಕ್ಕೆ ಗಂಟೆಯಿಲ್ಲ, ಊರಿಲ್ಲ. ಅದನ್ನು ಯಾವ ಸಮಯಕ್ಕೂ ಪರಿವರ್ತಿಸದೆ ಬರೆದಂತೆಯೇ ಇಟ್ಟುಕೊಳ್ಳುವುದೇ ಜಾಣತನ.

ಭಾರತದವರನ್ನು ಕಾಡುವ ಇನ್ನೊಂದು ಪೀಡೆ ಆ ಅರ್ಧ ಗಂಟೆ. ಲೋಕದ ಬಹುಪಾಲು ಕಾಲವಲಯಗಳು ವಿಶ್ವಸಮಯದಿಂದ ಪೂರ್ಣ ಗಂಟೆಗಳ ದೂರದಲ್ಲಿವೆಯಾಗಿ, ಅಂತರವನ್ನು ಪೂರ್ಣಾಂಕದಲ್ಲಿ ಬರೆದುಕೊಂಡರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಅಂಥವರ ಲೆಕ್ಕದಲ್ಲಿ ಭಾರತಕ್ಕೆ ಐದನ್ನು ಕೊಡಬೇಕೋ ಆರನ್ನು ಕೊಡಬೇಕೋ? ನೇಪಾಳದ ಐದು ಮುಕ್ಕಾಲನ್ನು ಕಂಡರಂತೂ ಅವರು ಕೈಚೆಲ್ಲಬೇಕು. ಮೂರಕ್ಷರದ ಸಂಕೇತಗಳನ್ನು ನಂಬುವುದೂ ಅಪಾಯವೇ. ಐಎಸ್‌ಟಿ ಎಂದರೆ ಭಾರತದ ಪ್ರಮಾಣ ಸಮಯವೆಂದು ಇಲ್ಲಿಯವರು ತಿಳಿಯುತ್ತಾರೆ. ಅದೇ ಮೂರಕ್ಷರವನ್ನು ಐರ್ಲೆಂಡಿನವರು ತಮ್ಮ ಬೇಸಗೆಯ ಸಮಯಕ್ಕೂ ಇಸ್ರೇಲಿನವರು ತಮ್ಮ ಪ್ರಮಾಣ ಸಮಯಕ್ಕೂ ಬಳಸುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಇನ್ನೂ ಬಾರದಿರುವ ಕಾಲದ ಲೆಕ್ಕ. ಮೆಕ್ಸಿಕೋ ನಗರದ ಒಬ್ಬಾತ 2022ನೆಯ ಸೆಪ್ಟೆಂಬರಿನಲ್ಲಿ, ಮುಂದಿನ ವರ್ಷದ ಮೇ 15ರ ಬೆಳಗ್ಗೆ ಹತ್ತು ಗಂಟೆಗೆ ಹಲ್ಲಿನ ವೈದ್ಯರನ್ನು ಕಾಣಲು ಜಾಲತಾಣದಲ್ಲಿ ವೇಳೆ ಗೊತ್ತುಮಾಡಿದನೆಂದು ಇಟ್ಟುಕೊಳ್ಳಬಹುದು. ಅಂದಿನ ನಿಯಮದಂತೆ ಮೇ ತಿಂಗಳಲ್ಲಿ ಆ ನಗರ ವಿಶ್ವಸಮಯಕ್ಕಿಂತ ಐದು ಗಂಟೆ ಹಿಂದಿರಬೇಕು. ತಾಣವು ತಾನು ಕಲಿತಂತೆ ಹತ್ತಕ್ಕೆ ಐದನ್ನು ಕೂಡಿಸಿ, ವಿಶ್ವಸಮಯ ಹದಿನೈದು ಗಂಟೆಯೆಂದು ಬರೆದುಕೊಂಡು, ಮಿಕ್ಕುದನ್ನು ಮರೆತುಬಿಟ್ಟಿತು. ಅಕ್ಟೋಬರಿನಲ್ಲಿ ಮೆಕ್ಸಿಕೋದ ಸಂಸತ್ತು ದೇಶದ ಬಹುಭಾಗದಲ್ಲಿ ಬೇಸಗೆಯ ಸಮಯವನ್ನೇ ರದ್ದುಮಾಡಿತು. ಆ ತಿಂಗಳ 30ರಂದು ಹಿಂದಕ್ಕೆ ಬಂದ ಮುಳ್ಳು ಮುಂದಿನ ವಸಂತದಲ್ಲಿ ಮತ್ತೆ ಮುಂದೆ ಹೋಗಲಿಲ್ಲ. ಮೇ ತಿಂಗಳಲ್ಲೂ ಅಂತರ ಆರು ಗಂಟೆಯಾಗಿಯೇ ಉಳಿಯಿತು. ತಾಣ ಹದಿನೈದರಲ್ಲಿ ಆರನ್ನು ಕಳೆದು ಒಂಬತ್ತು ಗಂಟೆಯೆಂದು ತೋರಿಸಿತು. ಹಲ್ಲುನೋವಿನವನು ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ಕಾದು ನಿಲ್ಲಬೇಕಾಯಿತು. ತಾಣದ ಕೂಡುವ ಕಳೆಯುವ ಲೆಕ್ಕಗಳಲ್ಲಿ ಎಳ್ಳಷ್ಟೂ ತಪ್ಪಿಲ್ಲ, ತಪ್ಪೆಲ್ಲ ಮರೆತುದರಲ್ಲಿದೆ. ಆತ ಗೊತ್ತುಮಾಡಿದುದು ಒಂದು ಕ್ಷಣವನ್ನಲ್ಲ, ಮೆಕ್ಸಿಕೋ ನಗರದ ಗೋಡೆಗಡಿಯಾರದ ಹತ್ತು ಗಂಟೆಯನ್ನು. ತಾಣವು ಬರೆದಿಟ್ಟುಕೊಳ್ಳಬೇಕಾಗಿದ್ದುದು ಅದನ್ನೇ: ತಾರೀಖು, ಹತ್ತು ಗಂಟೆ, ಮತ್ತು ಊರಿನ ಹೆಸರು. ಕ್ಷಣವನ್ನು ಆಮೇಲೆ, ಆಗ ಚಾಲ್ತಿಯಲ್ಲಿರುವ ನಿಯಮದಿಂದ ಲೆಕ್ಕಹಾಕಿಕೊಳ್ಳಬಹುದು.

"ಐದೂವರೆ ಮುಂದೆ", "ಐದು ಹಿಂದೆ" ಎಂಬ ಅಂಕಿಗಳು ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತವೆಯೇ ಹೊರತು ಊರಿನ ಸ್ವಭಾವವನ್ನಲ್ಲ. ಊರಿನ ಹೆಸರು ತಿಳಿದಿದ್ದರೆ ಅಂಕಿಯನ್ನು ಯಾವಾಗ ಬೇಕಾದರೂ ಕಂಡುಹಿಡಿಯಬಹುದು. ಅಂಕಿಯಿಂದ ಊರನ್ನು ಕಂಡುಹಿಡಿಯಲಾಗದು. ಇಷ್ಟನ್ನು ತಿಳಿಯದೆ ಕಟ್ಟಿದ ತಾಣಗಳು ಇಂದಿಗೂ ಬೇಕಾದಷ್ಟಿವೆ.

ಪ್ರತಿ ವಾರವೂ ನಡೆಯುವ ಪಾಠಗಳಲ್ಲಿ ಮತ್ತೂ ಒಂದು ತೊಡಕು. ಮೈಸೂರಿನ ಸಂಗೀತ ಶಿಕ್ಷಕಿಯೊಬ್ಬರು ಶನಿವಾರ ಬೆಳಗ್ಗೆ ಆರೂವರೆಗೆ ನ್ಯೂಜೆರ್ಸಿಯ ಹುಡುಗಿಯೊಬ್ಬಳಿಗೆ ಅಂತರ್ಜಾಲದ ಮೂಲಕ ವರ್ಣ ಹೇಳಿಕೊಡುತ್ತಾರೆಂದು ಇಟ್ಟುಕೊಂಡರೆ, ಬೇಸಗೆಯಲ್ಲಿ ಹುಡುಗಿಗೆ ಅದು ಶುಕ್ರವಾರ ರಾತ್ರಿ ಒಂಬತ್ತು ಗಂಟೆ. ನವೆಂಬರಿನಲ್ಲಿ ಅಲ್ಲಿಯ ಮುಳ್ಳು ಹಿಂದೆ ಸರಿದ ಮೇಲೆ? ಪಾಠವನ್ನು ಮೈಸೂರಿನ ಗಡಿಯಾರಕ್ಕೆ ಕಟ್ಟಿದ್ದರೆ ಹುಡುಗಿ ಎಂಟಕ್ಕೇ ತಂಬೂರಿ ಶ್ರುತಿ ಮಾಡಿಕೊಂಡು ಕುಳಿತಿರಬೇಕು. ಬಹುಶಃ ಅದು ಅವಳ ಊಟದ ಹೊತ್ತು. ನ್ಯೂಜೆರ್ಸಿಯ ಗಡಿಯಾರಕ್ಕೆ ಕಟ್ಟಿದ್ದರೆ ಶಿಕ್ಷಕಿಯ ಪಾಠ ಏಳೂವರೆಗೆ ಬೀಳುವುದು. ಆ ಹೊತ್ತಿಗೆ ಅವರ ಮನೆಗೆ ಊರಿನ ಬೇರೆ ಮಕ್ಕಳು ಪಾಠಕ್ಕೆ ಬಂದಿರುತ್ತಾರೆ. ಎರಡರಲ್ಲಿ ಯಾವುದು ಸರಿಯೆಂದು ಯಂತ್ರ ತಾನಾಗಿ ತೀರ್ಮಾನಿಸಲಾರದು, ತೀರ್ಮಾನಿಸಲೂ ಬಾರದು. ಈ ಪಾಠ ಯಾರ ಗಡಿಯಾರಕ್ಕೆ ಸೇರಿದುದೆಂದು ತಾಣ ಮೊದಲ ದಿನವೇ ಕೇಳಬೇಕು. ಉತ್ತರವನ್ನು ಇಬ್ಬರಿಗೂ ಕಾಣುವಂತೆ ಬರೆದಿಡಬೇಕು. ಮುಳ್ಳು ತಿರುಗುವ ವಾರ ಇಬ್ಬರಿಗೂ ಮುಂಚಿತವಾಗಿ ತಿಳಿಸಬೇಕು. ಕೇಳದೆ ಊಹಿಸುವ ತಾಣಗಳಿಂದಾಗಿ ಎಷ್ಟು ಪಾಠಗಳು ತಪ್ಪುತ್ತವೆಯೋ, ಎಷ್ಟು ಮನಸ್ತಾಪಗಳು ಹುಟ್ಟುತ್ತವೆಯೋ!

ಊಹೆಯ ಮಾತು ಬಂದುದರಿಂದ ಪ್ರವಾಸಿಗರ ವಿಷಯವನ್ನೂ ಹೇಳಬೇಕು. ಬಳಸುವವರು ಯಾವ ಕಾಲವಲಯದಲ್ಲಿದ್ದಾರೆಂಬುದನ್ನು ಅವರ ಮೊಬೈಲೋ ಗಣಕಯಂತ್ರವೋ ತಾಣಕ್ಕೆ ತಿಳಿಸುತ್ತದೆ. ಹತ್ತು ದಿನದ ಮಟ್ಟಿಗೆ ಲಂಡನ್ನಿಗೆ ಹೋದವರ ಯಂತ್ರ "ಲಂಡನ್" ಎನ್ನುತ್ತದೆ. ಅಲ್ಲಿಂದಲೇ ಅವರು ಬೆಂಗಳೂರಿನ ವೈದ್ಯರನ್ನು ಕಾಣುವ ವೇಳೆ ಗೊತ್ತುಮಾಡಿದರೆ ತಾಣ ತೋರಿಸಬೇಕಾದುದು ಬೆಂಗಳೂರಿನ ಗಂಟೆಯನ್ನೇ. ಹಲ್ಲು ಕೀಳುವುದು ಬೆಂಗಳೂರಿನಲ್ಲಿ ತಾನೆ? ವಿಮಾನದ ಟಿಕೀಟು ಈ ವಿಷಯದಲ್ಲಿ ಒಳ್ಳೆಯ ಮಾದರಿ. ಹೊರಡುವ ವೇಳೆಯನ್ನು ಹೊರಡುವ ಊರಿನ ಗಂಟೆಯಲ್ಲಿಯೂ ಇಳಿಯುವ ವೇಳೆಯನ್ನು ಇಳಿಯುವ ಊರಿನ ಗಂಟೆಯಲ್ಲಿಯೂ ಅದರಲ್ಲಿ ಅಚ್ಚು ಹಾಕಿರುತ್ತಾರೆ. ವಿಮಾನ ನಡೆಸುವವರು ಮಾತ್ರ ತಮ್ಮ ಕೆಲಸಕ್ಕೆ ವಿಶ್ವಸಮಯವನ್ನು ಬಳಸುತ್ತಾರೆ.

ಹಾಗಾದರೆ ಊರಿನ ಹೆಸರು ಹೇಳಿದೊಡನೆ ಯಾವ ದಿನ ಅಲ್ಲಿ ಯಾವ ನಿಯಮವೆಂದು ಯಂತ್ರಕ್ಕೆ ತಿಳಿಸುವವರಾರು? ಇದಕ್ಕೆಂದೇ ಒಂದು ಕಡತವಿದೆ. ಲೋಕದ ಮೊಬೈಲುಗಳೂ ಗಣಕಯಂತ್ರಗಳೂ ಬಹುತೇಕ ಅದೊಂದನ್ನೇ ನೆಚ್ಚಿಕೊಂಡಿವೆಯೆಂಬುದು ಎಷ್ಟೋ ಜನಕ್ಕೆ ತಿಳಿಯದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆಲಸದಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಇದನ್ನು ಆರಂಭಿಸಿದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಎಗರ್ಟ್ ಅದನ್ನು ಮುಂದುವರಿಸಿಕೊಂಡು ಬಂದರು. ಯಾವ ಸರ್ಕಾರ ಎಂದು ಮುಳ್ಳು ತಿರುಗಿಸಿತು, ಎಂದು ಬಿಟ್ಟಿತು, ಎಂದು ಮನಸ್ಸು ಬದಲಿಸಿತು ಎಂಬುದನ್ನು ನಾನಾ ದೇಶಗಳ ಆಸಕ್ತರು ಬರೆದು ತಿಳಿಸುತ್ತಾರೆ, ಪರಿಶೀಲಿಸಿ ದಾಖಲಿಸುತ್ತಾರೆ. ದಕ್ಷಿಣ ಪೆಸಿಫಿಕ್ಕಿನ ಸಮೋವಾ ದ್ವೀಪರಾಷ್ಟ್ರವು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳೊಡನೆ ವ್ಯಾಪಾರಕ್ಕೆ ಅನುಕೂಲವಾಗಲೆಂದು ದಿನಾಂಕರೇಖೆಯನ್ನೇ ದಾಟಿ 2011ನೆಯ ಡಿಸೆಂಬರ್ 30ರ ಶುಕ್ರವಾರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟುದು ಕೂಡ ಅದರಲ್ಲಿದೆ. ಭಾರತದ ಯುದ್ಧಕಾಲದ ಆರೂವರೆಯೂ ಇದೆ. ಕಾಲನಿಯಮ ಒಂದೇ ಆಗಿರುವ ಸೀಮೆಗೆ ಅಲ್ಲಿಯ ಒಂದು ದೊಡ್ಡ ನಗರದ ಹೆಸರನ್ನು ಕೊಡುವುದು ಆ ಕಡತದ ಪದ್ಧತಿ. ಬೆಂಗಳೂರಿನವರ ಯಂತ್ರಗಳಲ್ಲಿ "ಏಷ್ಯ, ಕೋಲ್ಕತ" ಎಂದು ಕಾಣಿಸುವುದು ಇದರಿಂದಲೇ. ಬೆಂಗಳೂರಿಗೆ ಅದರಿಂದ ಯಾವ ಅವಮಾನವೂ ಇಲ್ಲ.

ಈ ಕಡತ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹತ್ತಿಸಿದವರು ಯಾರೆಂದರೆ, ಆಸ್ಟ್ರೋಲೇಬ್ ಎಂಬ ಅಮೆರಿಕದ ಒಂದು ಜ್ಯೋತಿಷ ತಂತ್ರಾಂಶ ಕಂಪನಿ! ಜಾತಕ ಹಾಕುವವರಿಗೆ ಹಳೆಯ ಗಂಟೆಗಳ ಲೆಕ್ಕ ಎಷ್ಟು ಮುಖ್ಯವೆಂಬುದನ್ನು ಮೇಲೆ ಹೇಳಿದೆ. ಅದಕ್ಕಾಗಿ ಸಿದ್ಧಪಡಿಸಿದ್ದ ಕೋಷ್ಟಕಗಳ ಹಕ್ಕು ತನ್ನದೆಂದೂ ಅವುಗಳಲ್ಲಿನ ವಿವರಗಳನ್ನು ಈ ಕಡತದಲ್ಲಿ ಸೇರಿಸಿದುದು ತಪ್ಪೆಂದೂ ಅದು 2011ನೆಯ ಸೆಪ್ಟೆಂಬರ್ 30ರಂದು ಓಲ್ಸನ್ ಮತ್ತು ಎಗರ್ಟ್ ಇಬ್ಬರ ಮೇಲೂ ದಾವೆ ಹೂಡಿತು. ಸಂಬಳವಿಲ್ಲದೆ ಲೋಕೋಪಕಾರಕ್ಕಾಗಿ ದುಡಿದವರಿಗೆ ದೊರೆತ ಬಹುಮಾನವಿದು! ಕಡತವಿದ್ದ ತಾಣವನ್ನು ಮುಚ್ಚಬೇಕಾಯಿತು. ಒಂದೆರಡು ವಾರಗಳಲ್ಲಿ, ಅಂತರ್ಜಾಲದ ಹೆಸರುಗಳನ್ನೂ ಅಂಕಿಗಳನ್ನೂ ನೋಡಿಕೊಳ್ಳುವ ಐಕಾನ್ ಸಂಸ್ಥೆ ಅದರ ಪೋಷಣೆಯನ್ನು ವಹಿಸಿಕೊಂಡಿತು. 2012ನೆಯ ಫೆಬ್ರವರಿಯಲ್ಲಿ ಕಂಪನಿ ದಾವೆಯನ್ನು ಹಿಂತೆಗೆದುಕೊಂಡು, ನಡೆದುಹೋದ ಇತಿಹಾಸದ ಸಂಗತಿಗಳು ಯಾರ ಸ್ವತ್ತೂ ಅಲ್ಲವೆಂದು ಒಪ್ಪಿಕೊಂಡಿತು.

ಲೆಬನಾನಿನ ಆಜ್ಞೆ ಹೊರಟ ಆ ಗುರುವಾರವೇ ಈ ಕಡತದ ಹೊಸ ಆವೃತ್ತಿಯೊಂದು ಹೊರಬಿದ್ದಿತು. ಅದರಲ್ಲಿ ಬೇಸಗೆಯ ಸಮಯ ಏಪ್ರಿಲಿಗೆ ಸರಿದಿತ್ತು. ಐದು ದಿನಗಳ ಮೇಲೆ, ಮಾರ್ಚ್ 28ರಂದು, ಮತ್ತೊಂದು ಆವೃತ್ತಿ ಬಂದಿತು. ಅದು ಮೊದಲಿದ್ದುದನ್ನೇ ಮರಳಿ ಸ್ಥಾಪಿಸಿತು. ನಡುವಣ ಆವೃತ್ತಿಯನ್ನು ಆತುರದಿಂದ ಅಳವಡಿಸಿಕೊಂಡು, ಮೂರನೆಯದನ್ನು ಕಾಯದೆ ಕುಳಿತ ಯಂತ್ರಗಳು, ಸರ್ಕಾರ ಮನಸ್ಸು ಬದಲಿಸಿದ ಮೇಲೆಯೂ ಏಪ್ರಿಲಿನ ಮೂರನೆಯ ವಾರದವರೆಗೆ ಲೆಬನಾನನ್ನು ಒಂದು ಗಂಟೆ ಹಿಂದೆಯೇ ಇಡುವಂತಾಯಿತು. ಕಡತದ ಇಂದಿನ ಲೆಕ್ಕದಲ್ಲಿ ಆ ವರ್ಷ ಲೆಬನಾನಿನ ಮುಳ್ಳು ಮುಂದೆ ಹೋದುದು ಮಾರ್ಚ್ 26ರಂದೇ. ನಾಲ್ಕು ದಿನ ಬದುಕಿದ ಸರ್ಕಾರಿ ಗಂಟೆಗೆ ಅದರಲ್ಲಿ ಅಂಕಿಯ ರೂಪದ ಸ್ಥಾನವಿಲ್ಲ. ಪಕ್ಕದ ಟಿಪ್ಪಣಿಯಲ್ಲಿ ಮಾತ್ರ ಅದರ ಕಥೆಯಿದೆ.